ತೊನ್ನು ಮತ್ತು ಬಿಸಿಲು

ತೊನ್ನಿಗೆ ಬಿಸಿಲೇ ಮದ್ದೆಂದು ಹಿರಿಯರು ಹೇಳುತ್ತಾರೆ. ಬಿಸಿಲಿಗೆ ಬಿಳಿ ಕಲೆಗಳು ಸುಡುತ್ತವೆಂಬುದನ್ನು ರೋಗಿಯಾದವನು ಸ್ವತಃ ಅನುಭವಿಸಿರುತ್ತಾನೆ. ಎರಡೂ ನಿಜವಾಗಿರುವುದರಿಂದಲೇ ಸದ್ಭಕ್ತರಲ್ಲಿ ಅನೇಕರು ಈ ಬಗ್ಗೆ ನಮ್ಮನ್ನು ವಿಚಾರಿಸುತ್ತಿರುತ್ತಾರೆ.

ತೊನ್ನು ಅಂಟುವ ರೋಗವಲ್ಲ, ಕುಷ್ಠವೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಚರ್ಮಕ್ಕೆ ಬಣ್ಣ ನೀಡುವ ಜೀವಕೋಶಗಳನ್ನು ನಾಶಮಾಡುವುದರಿಂದ ಕಲೆಗಳು ಮೂಡುತ್ತವೆ. ಇಷ್ಟಾದರೂ ದಾಸೋಹದ ಪಂಕ್ತಿಯಲ್ಲಿ ದೂರ ಸರಿದು ಕೂರುವವರನ್ನು ನಾವು ಕಂಡಿದ್ದೇವೆ. ಈ ಭಯದಿಂದಲೇ ಹೆಣ್ಣುಮಕ್ಕಳು ಕಲೆಯನ್ನು ಸೆರಗಿನಲ್ಲಿ ಮುಚ್ಚಿಟ್ಟು, ಆರಂಭದಲ್ಲಿ ದೊರೆಯಬೇಕಾದ ಚಿಕಿತ್ಸೆಯನ್ನು ಕಳೆದುಕೊಳ್ಳುತ್ತಾರೆ.

ಆಯುರ್ವೇದದಲ್ಲಿ ಬಾವಂಚಿ ಬೀಜವನ್ನು ಇದಕ್ಕೆ ಬಹುಕಾಲದಿಂದ ಬಳಸುತ್ತಾರೆ. ಅದರಲ್ಲಿರುವ ಸೋರಲೆನ್ ಎಂಬ ದ್ರವ್ಯವು ಚರ್ಮವನ್ನು ಅತಿನೇರಳೆ ಕಿರಣಗಳಿಗೆ ಬಹಳ ಸೂಕ್ಷ್ಮವಾಗಿಸುತ್ತದೆ. ನೈಲ್ ನದಿಯ ಪ್ರದೇಶದ ಒಂದು ಗಿಡದಿಂದಲೂ ಇದೇ ಬಗೆಯ ದ್ರವ್ಯವನ್ನು ಪಡೆದು, 1940ರ ದಶಕದಲ್ಲಿ ಕೈರೋದ ವೈದ್ಯ ಎಲ್ ಮೊಫ್ತಿಯವರು ತೊನ್ನಿನ ಚಿಕಿತ್ಸೆಗೆ ಬಳಸಿದರು. ಹೀಗಾಗಿ ಹಿರಿಯರ ಮಾತಿನಲ್ಲಿ ಹುರುಳಿದೆ; ತೊಡಕಿರುವುದು ಅಳತೆಯಲ್ಲಿ.

ಯುವ ರೈತರೊಬ್ಬರು ಬಾವಂಚಿ ಎಣ್ಣೆಯನ್ನು ಮೊಣಕಾಲಿಗೆ ಲೇಪಿಸಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಕುಳಿತರು. ಸಂಜೆ ಏನೂ ಆಗಿರಲಿಲ್ಲ. ಮರುದಿನ ಇನ್ನಷ್ಟು ಹೊತ್ತು ಕುಳಿತರು. ಮೂರನೆಯ ದಿನ ಮೊಣಕಾಲ ತುಂಬ ಬೊಬ್ಬೆಗಳು! ಸೋರಲೆನ್‌ನ ಸುಡುವಿಕೆ ತೀವ್ರವಾಗುವುದು ಎರಡು ಮೂರು ದಿನಗಳ ಅನಂತರ. ಅದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಸುಟ್ಟ ಗಾಯದ ಸುತ್ತಲೇ ಹೊಸ ಬಿಳಿ ಕಲೆ ಹುಟ್ಟುವುದು ಈ ರೋಗದ ಸ್ವಭಾವ. ಬಸ್ಸಿನ ಕಿಟಕಿಯ ಗಾಜೂ ಇದಕ್ಕೆ ಪೂರ್ತಿ ರಕ್ಷಣೆಯಲ್ಲ, ಈ ಕಿರಣಗಳಲ್ಲಿ ಬಹುಪಾಲು ಅದರೊಳಗಿಂದ ಹಾದುಬರುತ್ತವೆ.

ಇಂದು ಚರ್ಮವೈದ್ಯರು ಹೆಚ್ಚಾಗಿ ಸೋರಲೆನ್ ಇಲ್ಲದೆಯೇ, 311 ನ್ಯಾನೋಮೀಟರ್ ತರಂಗದ ಕಿರಣವನ್ನು ವಾರಕ್ಕೆ ಎರಡು ಮೂರು ಬಾರಿ, ಅಳೆದು ನೀಡುತ್ತಾರೆ. ಮುಖ, ಕುತ್ತಿಗೆಗಳಲ್ಲಿ ಬಣ್ಣ ಬೇಗ ಮರಳುತ್ತದೆ. ಬೆರಳ ತುದಿಗಳು ಹಟಮಾರಿಗಳು. ಕಲೆಯ ಮೇಲಿನ ಕೂದಲೂ ಬೆಳ್ಳಗಾಗಿದ್ದರೆ ಫಲ ಕಡಿಮೆ. ಉಳಿದ ವೇಳೆಯಲ್ಲಿ ಕೊಡೆ, ತುಂಬುತೋಳಿನ ಅಂಗಿ, ಎಸ್‌ಪಿಎಫ್ 30ರ ಲೇಪನ ಇವು ಬೇಕೇ ಬೇಕು. ಸುತ್ತಲಿನ ಚರ್ಮ ಕಪ್ಪಾದಷ್ಟೂ ಕಲೆ ಎದ್ದು ಕಾಣುವುದರಿಂದ ಮನಸ್ಸಿನ ನೆಮ್ಮದಿಗೂ ಇದು ಒಳ್ಳೆಯದು.

ಬಹುಮಂದಿ ಎರಡು ತಿಂಗಳಿಗೇ ಚಿಕಿತ್ಸೆ ಬಿಡುತ್ತಾರೆ. ಆ ರೈತರು ಗಾಯ ಮಾಗಿದ ಮೇಲೆ ಮತ್ತೆ ಆರಂಭಿಸಿ, ಪ್ರತಿ ತಿಂಗಳೂ ಮೊಬೈಲಿನಲ್ಲಿ ಕಲೆಯ ಚಿತ್ರ ತೆಗೆದಿಡುತ್ತಿದ್ದರು. ಐದನೆಯ ತಿಂಗಳ ಚಿತ್ರದಲ್ಲಿ ಕೂದಲ ಬುಡಗಳಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಕಾಣಿಸಿಕೊಂಡವು.