ಸೆರಗು ಸರಿಸಿದ ರಾಣಿ

ಸಂಡೂರಿನಲ್ಲಾಗಲಿ, ಹೊಸಪೇಟೆಯಲ್ಲಾಗಲಿ, ಅರವತ್ತು ದಾಟಿದ ಅಜ್ಜ-ಅಜ್ಜಿಯರ ತೋಳನ್ನು ಒಮ್ಮೆ ಗಮನಿಸಿ. ಅಲ್ಲೊಂದು ದುಂಡನೆಯ ಕಲೆ ಕಂಡೀತು. ಸಿಡುಬು ಬಾರದಿರಲೆಂದು ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿಕೊಂಡ ಗುರುತು ಅದು. ಮೈಸೂರು ಅರಮನೆಯ ಹಳೆಯ ತೈಲಚಿತ್ರವೊಂದು ಹೇಳುವುದೂ ಇಂಥದೇ ಕಥೆಯನ್ನು.

ಸುಮಾರು 1805ರಲ್ಲಿ ಅದನ್ನು ಬರೆದವನು ಐರ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ಹಿಕಿ. ಅದರಲ್ಲಿರುವವರು ಜರಿ ಸೀರೆಯುಟ್ಟು, ಮೈತುಂಬ ಒಡವೆ ತೊಟ್ಟ ಮೂವರು ಸ್ತ್ರೀಯರು. ಇವರು ನರ್ತಕಿಯರಿರಬೇಕೆಂದು ಬಹುಕಾಲ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ 2001ರಲ್ಲಿ ಬೇರೆಯೇ ಅರ್ಥ ಹೇಳಿದರು. ಅವರ ಪ್ರಕಾರ, ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಅಂತಃಪುರದವರು. ಎರಡು ಬದಿಗೆ ಎಳೆಯ ರಾಣಿಯರು, ನಡುವೆ ಅಜ್ಜಿ ಲಕ್ಷ್ಮಮ್ಮಣ್ಣಿ.

ಬಲಗಡೆಯ ರಾಣಿ ಸೆರಗು ಸರಿಸಿ ಎಡತೋಳು ತೋರಿಸುತ್ತಿದ್ದಾಳೆ. ಲಸಿಕೆ ಹಾಕಿಸಿಕೊಂಡ ಜಾಗ ಅದು ಎನ್ನುತ್ತಾರೆ ಚಾನ್ಸೆಲರ್. ಎಡಗಡೆಯವಳ ಮೂಗು-ಬಾಯಿಯ ಸುತ್ತಲಿನ ಬಣ್ಣಗೆಟ್ಟ ಚರ್ಮ, ಸಿಡುಬಿನ ಕೀವನ್ನೇ ಬಳಸುತ್ತಿದ್ದ ಹಳೆಯ ಪದ್ಧತಿಯ ಗುರುತಂತೆ. ಈ ವಿವರಣೆಯನ್ನು ವಿದ್ವಾಂಸರೆಲ್ಲರೂ ಒಪ್ಪಿಲ್ಲ. ಆದರೆ ಆ ಕಾಲವನ್ನು ನೆನೆದರೆ ಇದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕಿ ನೋಡಿದ್ದು 1796ರಲ್ಲಿ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟಾಲ್ ಎಂಬ ಮಗುವಿಗೆ ಅದು ನಾಟಿತು. ಶೀತಲ ಪೆಟ್ಟಿಗೆಗಳಿಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಾಕಿಯೇ ಲಸಿಕೆಯನ್ನು ಊರಿಂದೂರಿಗೆ ಒಯ್ಯಬೇಕು. ಯಾರ ಮೈಯದೋ, ಯಾವ ಜಾತಿಯದೋ ಎಂದು ಜನ ಅಂಜಿದರು. ಸಿಡುಬು ದೇವಿಯ ಮುನಿಸೆಂಬ ನಂಬಿಕೆಯೂ ಇತ್ತು. ರಾಣಿಯೇ ಹಾಕಿಸಿಕೊಂಡಳೆಂದರೆ ಉಳಿದವರಿಗೆ ಧೈರ್ಯ ಬಾರದೇ? ಅಂತಃಪುರದ ಹೆಣ್ಣುಮಗಳು ಪರದೇಶಿ ಚಿತ್ರಕಾರನೆದುರು ತೋಳು ತೋರಿಸಿದ್ದು, ಈ ಲೆಕ್ಕದಲ್ಲಿ, ಸಣ್ಣ ಮಾತಲ್ಲ.

2007ರಲ್ಲಿ ಈ ಚಿತ್ರ ಸೋದೆಬೀಸ್ ಹರಾಜಿಗೆ ಬಂದಿತ್ತು. ಸಿಡುಬು ಅದಕ್ಕೆ ಎಷ್ಟೋ ಮೊದಲೇ ಹೋಗಿತ್ತು. ಜಗತ್ತು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ.

ಹಳೆಯ ಚಿತ್ರ ಕಂಡಾಗ ನಮ್ಮ ಕಣ್ಣು ಮೊದಲು ಒಡವೆಯ ಮೇಲೆ ಬೀಳುತ್ತದೆ. ಮಕ್ಕಳೇ, ಕೈ ಎಲ್ಲಿದೆ, ಬೆರಳು ಏನು ತೋರಿಸುತ್ತಿದೆ ಎಂಬುದನ್ನೂ ನೋಡಿ. ಅಜ್ಜಿಯ ತೋಳಿನ ಕಲೆಯ ಕಥೆಯನ್ನೂ ಒಮ್ಮೆ ಕೇಳಿ.