ಪೊಲೀಸ್ ಸಬ್ ಇನ್ಸ್‌ಪೆಕ್ಟರ್ (ಸಿವಿಲ್) ನೇರ ನೇಮಕಾತಿ: ಅಭ್ಯರ್ಥಿಗಳು ಅರಿತಿರಬೇಕಾದ ಅಂಶಗಳು

ಪೊಲೀಸ್ ಠಾಣೆಗೆ ದೂರು ಹೊತ್ತು ಬರುವ ಸಾರ್ವಜನಿಕರು ಬಹುತೇಕ ಸಂದರ್ಭಗಳಲ್ಲಿ ಮೊದಲು ಭೇಟಿಯಾಗುವ ಅಧಿಕಾರಿ ಸಬ್ ಇನ್ಸ್‌ಪೆಕ್ಟರ್. ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು, ಸ್ಥಳ ಪರಿಶೀಲನೆ, ಸಾಕ್ಷಿಗಳ ವಿಚಾರಣೆ, ದಸ್ತಗಿರಿ ಮತ್ತು ನ್ಯಾಯಾಲಯಕ್ಕೆ ವರದಿ ಸಲ್ಲಿಸುವುದು ಇವರ ಕರ್ತವ್ಯಗಳಲ್ಲಿ ಸೇರಿವೆ. ಒಬ್ಬ ವ್ಯಕ್ತಿಯ ಸ್ವಾತಂತ್ರ್ಯವು ಇವರ ಒಂದು ಸಹಿಯನ್ನು ಅವಲಂಬಿಸಿರುವುದುಂಟು. ಆದುದರಿಂದಲೇ ಈ ಹುದ್ದೆಯ ನೇಮಕಾತಿಯನ್ನು ಹಲವು ಹಂತಗಳಲ್ಲಿ ನಡೆಸಲಾಗುತ್ತದೆ. ಕರ್ನಾಟಕದಲ್ಲಿ ಈ ಹಂತಗಳು ಯಾವುವು ಹಾಗೂ ಅವುಗಳ ಉದ್ದೇಶವೇನು ಎಂಬುದನ್ನು ಅಭ್ಯರ್ಥಿಗಳ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

1. ಅರ್ಹತೆ ಮತ್ತು ಅರ್ಜಿ

ಅಭ್ಯರ್ಥಿಯು ಭಾರತೀಯ ಪ್ರಜೆಯಾಗಿರಬೇಕು ಹಾಗೂ ಕಾನೂನಿನ ಮೇರೆಗೆ ಸ್ಥಾಪಿತವಾದ ವಿಶ್ವವಿದ್ಯಾಲಯದಿಂದ ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ ಪಡೆದಿರಬೇಕು. ಕನಿಷ್ಠ ವಯಸ್ಸು 21 ವರ್ಷಗಳು. ಗರಿಷ್ಠ ವಯೋಮಿತಿಯು ಪ್ರವರ್ಗಕ್ಕೆ ಅನುಗುಣವಾಗಿ ಬೇರೆ ಬೇರೆಯಾಗಿದ್ದು, ಅದನ್ನು ಆಯಾ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳತಕ್ಕದ್ದು.

ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 25 ಹಾಗೂ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಶೇಕಡಾ 5ರಷ್ಟು ಸಮತಳ ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಸ್ಥಳೀಯರಿಗೆ ಸಂವಿಧಾನದ 371ಜೆ ವಿಧಿಯ ಅನ್ವಯ ಪ್ರತ್ಯೇಕ ಅವಕಾಶವಿದೆ. 2021ರಲ್ಲಿ ನಿಯಮಗಳಿಗೆ ತಂದ ತಿದ್ದುಪಡಿಯ ಮೂಲಕ ರಾಜ್ಯ ಸಿವಿಲ್ ಸೇವೆಗಳ ನೇರ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇಕಡಾ 1ರಷ್ಟು ಮೀಸಲಾತಿ ಕಲ್ಪಿಸಲಾಗಿದೆ.

ಮೀಸಲಾತಿ ಕೋರುವವರು ಸಂಬಂಧಿತ ಪ್ರಮಾಣ ಪತ್ರಗಳನ್ನು ನಿಗದಿತ ನಮೂನೆಯಲ್ಲಿ, ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಪಡೆದಿಟ್ಟುಕೊಳ್ಳುವುದು ಅತ್ಯವಶ್ಯಕ. ಜಾತಿ ಪ್ರಮಾಣ ಪತ್ರವನ್ನು ತಹಶೀಲ್ದಾರರಿಂದ ಪಡೆಯಬೇಕು. ಗ್ರಾಮೀಣ ವ್ಯಾಸಂಗ ಪ್ರಮಾಣ ಪತ್ರವನ್ನು ಶಾಲೆಯ ಮುಖ್ಯೋಪಾಧ್ಯಾಯರಿಂದ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಬೇಕು. ಲಿಖಿತ ಪರೀಕ್ಷೆಯಲ್ಲಿ ಉತ್ತಮ ಅಂಕ ಗಳಿಸಿಯೂ ಪ್ರಮಾಣ ಪತ್ರದ ದಿನಾಂಕ ಅಥವಾ ನಮೂನೆ ಸರಿಯಿಲ್ಲದ ಕಾರಣಕ್ಕೆ ಮೀಸಲಾತಿ ಕಳೆದುಕೊಳ್ಳುವ ಸಂಭವವಿರುತ್ತದೆ.

2. ಸಹಿಷ್ಣುತೆ ಮತ್ತು ದೇಹದಾರ್ಢ್ಯತೆ ಪರೀಕ್ಷೆ

ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಲಿಖಿತ ಪರೀಕ್ಷೆ ಮೊದಲು ನಡೆದರೆ, ಸಬ್ ಇನ್ಸ್‌ಪೆಕ್ಟರ್ ನೇಮಕಾತಿಯಲ್ಲಿ ದೈಹಿಕ ಪರೀಕ್ಷೆಯೇ ಮೊದಲ ಹಂತವಾಗಿರುತ್ತದೆ.

ಪುರುಷರು: ಕನಿಷ್ಠ ಎತ್ತರ 168 ಸೆಂ.ಮೀ.; ಪೂರ್ಣ ವಿಸ್ತರಿಸಿದಾಗ ಎದೆಯ ಸುತ್ತಳತೆ 86 ಸೆಂ.ಮೀ., ಇದರಲ್ಲಿ ವಿಸ್ತರಣೆ ಕನಿಷ್ಠ 5 ಸೆಂ.ಮೀ. ಇರಬೇಕು. 1600 ಮೀಟರ್ ಓಟವನ್ನು 7 ನಿಮಿಷಗಳಲ್ಲಿ ಮುಗಿಸಬೇಕು. ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20 ಮೀಟರ್, 7.26 ಕೆ.ಜಿ. ಗುಂಡು ಎಸೆತ 5.60 ಮೀಟರ್.

ಮಹಿಳೆಯರು: ಕನಿಷ್ಠ ಎತ್ತರ 157 ಸೆಂ.ಮೀ.; ಕನಿಷ್ಠ ತೂಕ 45 ಕೆ.ಜಿ. 400 ಮೀಟರ್ ಓಟವನ್ನು 2 ನಿಮಿಷಗಳಲ್ಲಿ ಮುಗಿಸಬೇಕು. ಉದ್ದ ಜಿಗಿತ 2.50 ಮೀಟರ್ ಅಥವಾ ಎತ್ತರ ಜಿಗಿತ 0.90 ಮೀಟರ್, 4 ಕೆ.ಜಿ. ಗುಂಡು ಎಸೆತ 3.75 ಮೀಟರ್.

ಈ ಹಂತಕ್ಕೆ ಅಂಕಗಳಿರುವುದಿಲ್ಲ. ನಿಗದಿತ ಮಟ್ಟ ತಲುಪಿದವರು ಮಾತ್ರ ಲಿಖಿತ ಪರೀಕ್ಷೆಗೆ ಅರ್ಹರು. ಜಿಗಿತ ಮತ್ತು ಗುಂಡು ಎಸೆತಕ್ಕೆ ಮೂರು ಅವಕಾಶಗಳಿದ್ದು, ಓಟಕ್ಕೆ ಒಂದೇ ಅವಕಾಶವಿರುತ್ತದೆ. 400 ಮೀಟರ್ ಟ್ರ್ಯಾಕಿನಲ್ಲಿ 1600 ಮೀಟರ್ ಎಂದರೆ ನಾಲ್ಕು ಸುತ್ತು. ಪ್ರತಿ ಸುತ್ತಿಗೆ ಸರಾಸರಿ 105 ಸೆಕೆಂಡುಗಳು ಲಭ್ಯ. ಮೊದಲ ಸುತ್ತಿನಲ್ಲಿಯೇ ಅತಿವೇಗವಾಗಿ ಓಡಿ ಕೊನೆಯಲ್ಲಿ ಬಳಲುವುದಕ್ಕಿಂತ ಸಮವೇಗದ ಓಟವನ್ನು ಕೆಲವು ತಿಂಗಳು ಮುಂಚಿತವಾಗಿಯೇ ಅಭ್ಯಸಿಸುವುದು ಒಳಿತು.

3. ಲಿಖಿತ ಪರೀಕ್ಷೆ

ಒಟ್ಟು 200 ಅಂಕಗಳಿಗೆ ಎರಡು ಪತ್ರಿಕೆಗಳಿವೆ. ಮೊದಲ ಪತ್ರಿಕೆಯು 50 ಅಂಕಗಳದ್ದು. ಪ್ರಬಂಧ, ಸಾರಾಂಶ ಲೇಖನ ಹಾಗೂ ಕನ್ನಡ ಮತ್ತು ಇಂಗ್ಲಿಷ್ ನಡುವಿನ ಭಾಷಾಂತರವನ್ನು ಒಳಗೊಂಡಿರುತ್ತದೆ. ಎರಡನೆಯದು 150 ಅಂಕಗಳ ವಸ್ತುನಿಷ್ಠ ಮಾದರಿಯ ಸಾಮಾನ್ಯ ಅಧ್ಯಯನ ಪತ್ರಿಕೆ. ಇದರಲ್ಲಿ ತಪ್ಪು ಉತ್ತರಗಳಿಗೆ ಅಂಕ ಕಳೆಯಲಾಗುವುದರಿಂದ ಊಹೆಯಿಂದ ಉತ್ತರಿಸುವುದು ಹಾನಿಕರ.

ಬರವಣಿಗೆಯ ಪತ್ರಿಕೆಯನ್ನು ಹಲವರು ಲಘುವಾಗಿ ಪರಿಗಣಿಸುತ್ತಾರೆ. ಆದರೆ ಠಾಣೆಯ ಕೆಲಸದಲ್ಲಿ ಇದರ ಮಹತ್ವ ಹೆಚ್ಚು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ ಮೌಖಿಕ ದೂರನ್ನು ಬರಹಕ್ಕಿಳಿಸಿ ದೂರುದಾರರಿಗೆ ಓದಿ ಹೇಳಬೇಕು. 192ನೇ ಪ್ರಕರಣದಂತೆ ತನಿಖಾಧಿಕಾರಿಯು ಪ್ರತಿದಿನದ ತನಿಖೆಯನ್ನು ದಿನಚರಿಯಲ್ಲಿ ನಮೂದಿಸಬೇಕು. ನೊಂದವರ ಮಾತು ಬರಹದಲ್ಲಿ ಅಸ್ಪಷ್ಟವಾದರೆ ಪ್ರಕರಣವೇ ದುರ್ಬಲವಾಗುತ್ತದೆ.

4. ಆಯ್ಕೆ, ಪರಿಶೀಲನೆ ಮತ್ತು ತರಬೇತಿ

ಲಿಖಿತ ಪರೀಕ್ಷೆಯ ಅಂಕಗಳು ಹಾಗೂ ಮೀಸಲಾತಿಯ ಆಧಾರದ ಮೇಲೆ ತಾತ್ಕಾಲಿಕ ಆಯ್ಕೆ ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆಗಳಿಗೆ ಅವಕಾಶ ನೀಡಲಾಗುತ್ತದೆ. ತಾತ್ಕಾಲಿಕ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕಾತಿಯ ಹಕ್ಕು ಪ್ರಾಪ್ತವಾಗುವುದಿಲ್ಲ. ವೈದ್ಯಕೀಯ ಪರೀಕ್ಷೆ, ದಾಖಲೆಗಳ ನೈಜತೆ ಹಾಗೂ ಪೂರ್ವಾಪರ ಪರಿಶೀಲನೆಯ ನಂತರವೇ ನೇಮಕಾತಿ ಆದೇಶ ನೀಡಲಾಗುತ್ತದೆ.

ಅಭ್ಯರ್ಥಿಯ ಮೇಲೆ ಯಾವುದೇ ಮೊಕದ್ದಮೆ ಇದ್ದಲ್ಲಿ ಅಥವಾ ಇತ್ಯರ್ಥವಾಗಿದ್ದಲ್ಲಿ ದೃಢೀಕರಣ ನಮೂನೆಯಲ್ಲಿ ಕೇಳಿದಂತೆ ಸತ್ಯವನ್ನೇ ತಿಳಿಸತಕ್ಕದ್ದು. ಇಂತಹ ಮಾಹಿತಿ ಸತ್ಯವಾಗಿರಬೇಕೆಂದೂ, ಮರೆಮಾಚಿದಲ್ಲಿ ಪ್ರಕರಣದ ಸ್ವರೂಪ ನೋಡಿ ಸೇವೆಯಿಂದ ತೆಗೆಯಬಹುದೆಂದೂ ಸರ್ವೋಚ್ಚ ನ್ಯಾಯಾಲಯವು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ತಿಳಿಸಿದೆ. ಸಣ್ಣ ಪ್ರಕರಣವನ್ನು ಒಪ್ಪಿಕೊಂಡವರಿಗೆ ಪರಿಹಾರ ದೊರೆಯಬಹುದು. ಬಚ್ಚಿಟ್ಟವರ ಪ್ರಾಮಾಣಿಕತೆಯೇ ಪ್ರಶ್ನಾರ್ಹವಾಗುತ್ತದೆ.

ಆಯ್ಕೆಯಾದವರು ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಂತಹ ಸಂಸ್ಥೆಗಳಲ್ಲಿ ಕಾನೂನು, ತನಿಖೆ, ಶಸ್ತ್ರಾಭ್ಯಾಸ ಮತ್ತು ಕವಾಯತಿನ ತರಬೇತಿ ಪಡೆದು, ನಂತರ ಠಾಣೆಗಳಲ್ಲಿ ಪ್ರಾಯೋಗಿಕ ಅನುಭವ ಗಳಿಸುತ್ತಾರೆ.

5. ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಲಿಖಿತ ಪರೀಕ್ಷೆಯನ್ನು ಸುಮಾರು 54,000 ಅಭ್ಯರ್ಥಿಗಳು ಬರೆದಿದ್ದರು. ಉತ್ತರ ಪತ್ರಿಕೆ ತಿದ್ದಿದ ಹಾಗೂ ಬ್ಲೂಟೂತ್ ಸಾಧನ ಬಳಸಿದ ಆರೋಪಗಳ ಮೇಲೆ ಸಿಐಡಿ ತನಿಖೆ ನಡೆದು, ಅಭ್ಯರ್ಥಿಗಳೊಂದಿಗೆ ಪೊಲೀಸ್ ಅಧಿಕಾರಿಗಳೂ ಬಂಧಿತರಾದರು. 2022ರ ಏಪ್ರಿಲ್‌ನಲ್ಲಿ ಸರ್ಕಾರವು ಪರೀಕ್ಷೆಯನ್ನು ರದ್ದುಪಡಿಸಿತು. 2023ರ ನವೆಂಬರ್‌ನಲ್ಲಿ ಉಚ್ಚ ನ್ಯಾಯಾಲಯವು ಈ ಕ್ರಮವನ್ನು ಎತ್ತಿಹಿಡಿಯಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2024ರ ಜನವರಿ 23ರಂದು ಮರುಪರೀಕ್ಷೆ ನಡೆಸಿತು. ಕೆಲವರ ಅಕ್ರಮದ ಫಲವಾಗಿ, ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಕಾದು ಮತ್ತೊಮ್ಮೆ ಪರೀಕ್ಷೆ ಬರೆಯಬೇಕಾಯಿತು.

ನೇಮಕಾತಿ ಪರೀಕ್ಷೆಗಳಲ್ಲಿನ ಅಕ್ರಮವನ್ನು ತಡೆಯಲು ರಾಜ್ಯದಲ್ಲಿ 2023ರ ಪ್ರತ್ಯೇಕ ಅಧಿನಿಯಮ ಜಾರಿಯಲ್ಲಿದ್ದು, ಕಾರಾವಾಸ ಮತ್ತು ಭಾರಿ ದಂಡಕ್ಕೆ ಅವಕಾಶವಿದೆ. ಹಣ ಪಡೆದು ಹುದ್ದೆ ಕೊಡಿಸುವುದಾಗಿ ಹೇಳುವವರನ್ನು ಅಭ್ಯರ್ಥಿಗಳಾಗಲಿ, ಪೋಷಕರಾಗಲಿ ನಂಬಬಾರದು. ಅಂತಹವರ ಬಗ್ಗೆ ಸಮೀಪದ ಪೊಲೀಸ್ ಠಾಣೆಗೆ ಮಾಹಿತಿ ನೀಡಬೇಕು. ಹೊಲ ಅಡವಿಟ್ಟು ಕೊಟ್ಟ ಹಣವು ಹುದ್ದೆಯನ್ನು ತರುವುದಿಲ್ಲ, ಮೊಕದ್ದಮೆಯನ್ನು ತರುತ್ತದೆ. ಕಾನೂನನ್ನು ಕಾಯುವ ಹುದ್ದೆಗೆ ಕಾನೂನಿನ ದಾರಿಯಲ್ಲಿಯೇ ಬರುವುದು ಅಭ್ಯರ್ಥಿಯ ಮೊದಲ ಕರ್ತವ್ಯವಾಗಿರುತ್ತದೆ.