ಕೊಬ್ಬರಿಗೆ ವೀಸಾ ಇಲ್ಲ

ನಮ್ಮ ಕಡೆಯವರಿಗೆ ಪ್ರಯಾಣವೆಂಬುದು ಗಂಟುಮೂಟೆಯಿಂದಲೇ ಪ್ರಾರಂಭವಾಗತಕ್ಕದ್ದು. ಹಾಸನದಿಂದ ಮೈಸೂರಿಗೆ ಹೊರಟವನೂ ಸೊಗಡಿನ ಕಾಲವಾದರೆ ಒಂದು ಚೀಲ ಅವರೆಕಾಯಿ, ಇಲ್ಲವಾದರೆ ನಾಲ್ಕು ತೆಂಗಿನಕಾಯಿಯನ್ನಾದರೂ ಹೊತ್ತು ಬಸ್ಸು ಹತ್ತದಿದ್ದರೆ ನೆಂಟರ ಮನೆಯ ಬಾಗಿಲಲ್ಲಿ ಅವನ ಮುಖ ಸಪ್ಪೆಯಾಗುತ್ತಿತ್ತು. ತನ್ನ ತೋಳಿನ ಶಕ್ತಿ ಎಷ್ಟೋ ಅಷ್ಟೇ ಅವನಿಗೆ ಮಿತಿ; ಕೂಲಿಯವನು ಸಿಕ್ಕಿದರೆ ಆ ಮಿತಿಯೂ ಇಲ್ಲ. ಈ ಧಾರಾಳತನಕ್ಕೆ ಲೆಕ್ಕವನ್ನು ಕಟ್ಟಿದ್ದು ವಿಮಾನ. ಅಮೆರಿಕಕ್ಕೆ ಹೋಗುವ ಸಾಮಾನ್ಯ ದರ್ಜೆಯ ಪ್ರಯಾಣಿಕನಿಗೆ ಬಹುತೇಕ ವಿಮಾನ ಸಂಸ್ಥೆಗಳು ಕೊಡುವುದು ತಲಾ 23 ಕಿಲೋಗ್ರಾಮಿನ ಎರಡು ಪೆಟ್ಟಿಗೆಗಳನ್ನು. ಅದರ ಮೇಲೆ ಕೈಯಲ್ಲಿ ಏಳೆಂಟು ಕಿಲೋ. ಒಂದು ಸಂಸಾರದ ಪ್ರೀತಿಯೆಲ್ಲ ಈ ತೂಕದೊಳಗೆ ಅಡಗಬೇಕು.

ಹೇಮಾವತಿಯ ದಂಡೆಯ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಇಳಿವಯಸ್ಸಿನಲ್ಲಿ ಆ ದೇಶವನ್ನು ನೋಡಿ ಬಂದು ‘ಅಮೆರಿಕಾದಲ್ಲಿ ಗೊರೂರು’ ಎಂಬ ಗ್ರಂಥವನ್ನು ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಂದು ನಮ್ಮ ಜಿಲ್ಲೆಯಿಂದ ಒಬ್ಬರು ಸಮುದ್ರದಾಚೆಗೆ ಹೋದರೆ ಊರಿಗೆ ಊರೇ ಆ ಮಾತನ್ನಾಡುತ್ತಿತ್ತು. ಇಂದು ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಇದು ಬೆರಗಿನ ಸಂಗತಿಯಲ್ಲ. ಕಾರಣವೂ ಬಹುಮಟ್ಟಿಗೆ ಒಂದೇ: ಬಾಣಂತನ. ಹಿಂದೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ಪೆಟ್ಟಿಗೆ ಕಟ್ಟಿಕೊಂಡು ಮಗಳಿದ್ದಲ್ಲಿಗೆ ಹೋಗುತ್ತದೆ. ನಾನೂ ನನ್ನ ಹೆಂಡತಿಯೂ ಆರು ತಿಂಗಳ ಮಟ್ಟಿಗೆ ಹೊರಟದ್ದು ಇದಕ್ಕಾಗಿಯೇ.

ಹೊರಡಲು ಮೂರು ದಿನವಿರುವಾಗ ನಮ್ಮ ನಡುಮನೆ ಸಂತೆಯಂತಾಗಿತ್ತು. ಒಂದು ಕಡೆ ಹಳೆಯ ಪಂಚೆಯನ್ನು ಹರಿದು ಒಗೆದು ಮಡಿಸಿಟ್ಟ ಮಗುವಿನ ಬಟ್ಟೆ. ಇನ್ನೊಂದು ಕಡೆ ಸಾರಿನ ಪುಡಿ, ರಾಗಿಯ ಹುರಿಹಿಟ್ಟು, ಒಣಶುಂಠಿ, ಸಕಲೇಶಪುರದ ಕಾಫಿಪುಡಿ. ಇವುಗಳಿಗೆಲ್ಲ ಆಕ್ಷೇಪಣೆಯಿಲ್ಲ. ಆದರೆ ನಮ್ಮ ಜಿಲ್ಲೆಯ ಹೆಮ್ಮೆಯೆಂದು ಇವಳು ಐದು ಸೇರು ರಾಜಮುಡಿ ಅಕ್ಕಿಯನ್ನು ಆರಿಸಿಟ್ಟಿದ್ದಳು. ಮೈಸೂರರಸರ ಅರಮನೆಗೆ ಹೋಗುತ್ತಿತ್ತೆಂದು ಹೆಸರಾದ ಆ ಅಕ್ಕಿಗೆ ಅಮೆರಿಕದ ಬಾಗಿಲು ಮುಚ್ಚಿದೆ. ಕಾಳುಕಡಿಗಳನ್ನು ಹಾಳುಮಾಡುವ ಖಪ್ರಾ ಎಂಬ ಹುಳುವೊಂದಿದೆ. ನಮ್ಮ ಉಪಖಂಡವೇ ಅದರ ತವರೆಂದು ತಿಳಿದವರು ಹೇಳುತ್ತಾರೆ. ಆ ಹುಳುವಿರುವ ದೇಶದ ಅಕ್ಕಿಯನ್ನು ಪ್ರಯಾಣಿಕರು ಒಯ್ಯಕೂಡದು. ಹಸಿ ಕರಿಬೇವೂ ಅಷ್ಟೆ; ಅದರ ಎಲೆಯ ಮೇಲೆ ಕುಳಿತು ಹೋಗುವ ಸಣ್ಣ ಕೀಟ ಅಲ್ಲಿಯ ಕಿತ್ತಳೆಯ ತೋಟಗಳಿಗೆ ರೋಗ ತರುತ್ತದೆಯಂತೆ. ಗಸಗಸೆಯನ್ನು ನಾವೇ ಬಿಟ್ಟೆವು. ಅಮೆರಿಕದವರ ಭಯದಿಂದಲ್ಲ, ನಮ್ಮ ವಿಮಾನ ದುಬೈಯಲ್ಲಿ ಇಳಿದು ಹತ್ತುವುದಿತ್ತು, ಆ ದೇಶದಲ್ಲಿ ಗಸಗಸೆ ಅಫೀಮಿನ ಸಂಬಂಧಿಯೆಂದು ನಿಷಿದ್ಧ. ಗಸಗಸೆ ಪಾಯಸ ಕುಡಿದು ಮಲಗಿದವರಿಗೆ ಅರಬರ ಈ ಶಂಕೆ ತೀರ ನಿರಾಧಾರವೆಂದು ತೋರಲಾರದು.

ಅಷ್ಟರಲ್ಲಿ ಅಮ್ಮ ಬಂದಳು. ಎಂಬತ್ತಾರು ವರ್ಷದ ಅಮ್ಮ ಚನ್ನರಾಯಪಟ್ಟಣದ ಬಳಿಯ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿರುತ್ತಾಳೆ. ಜೊತೆಯಲ್ಲಿ ಒಂದು ಮೂಟೆ ಕೊಬ್ಬರಿ ಬಂದಿತ್ತು.

ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ಉಂಡೆ ಕೊಬ್ಬರಿಯನ್ನು ಅರಿಯದವರಿಗಾಗಿ ಎರಡು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಎಂಟು ತಿಂಗಳೋ ಒಂದು ವರ್ಷವೋ ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಗುಂಡಗೆ ನಿಲ್ಲುತ್ತದೆ. ಕಾಯಿಯನ್ನು ಅಲ್ಲಾಡಿಸಿದರೆ ಗಡಗಡ ಸದ್ದಾಗುತ್ತದೆ. ಅವಸರ ಮಾಡುವವರಿಗೆ ಈ ಪದಾರ್ಥ ದಕ್ಕುವುದಿಲ್ಲ. ಮೊಮ್ಮಗಳ ಮದುವೆಯಾದ ವರ್ಷದಿಂದಲೂ ಅಮ್ಮ ನೂರು ಕಾಯಿಗಳನ್ನು ಬಾಣಂತನಕ್ಕೆಂದು ಬೇರೆಯಾಗಿ ಅಟ್ಟಕ್ಕೆ ಹಾಕಿಸುತ್ತಿದ್ದಳು. ಆ ವರ್ಷ ಬೇಕಾಗದಿದ್ದರೆ ಅವು ಮಂಡಿಗೆ ಹೋಗುತ್ತಿದ್ದುವು. ಹೊಸ ನೂರು ಅಟ್ಟ ಹತ್ತುತ್ತಿದ್ದುವು. ಹೀಗೆ ಆರು ವರ್ಷ. ಯಾರೊಡನೆಯೂ ಈ ಮಾತನ್ನು ಆಡಿದವಳಲ್ಲ. ಮೂಟೆಯ ಬಾಯಿ ಬಿಚ್ಚಿದಾಗಲೇ ತಮ್ಮನ ಹೆಂಡತಿ ನನಗೆ ತಿಳಿಸಿದ್ದು.

ವಿಮಾನದಲ್ಲಿ ಒಯ್ಯಬಾರದ ವಸ್ತುಗಳ ಪಟ್ಟಿ ಗೋಡೆಗೆ ಅಂಟಿತ್ತು. ಸಿಡಿಮದ್ದು, ಅನಿಲದ ಸಿಲಿಂಡರುಗಳ ನಡುವೆ ಒಣ ಕೊಬ್ಬರಿ. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಎಣ್ಣೆ. ರಾಶಿ ಹಾಕಿ ಮುಚ್ಚಿಟ್ಟು ತೇವ ತಗುಲಿದರೆ ಒಳಗೊಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳಬಹುದು. ಹಡಗಿನವರಿಗೆ ಇದು ಹಳೆಯ ಅನುಭವ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಯಾದಿಯಲ್ಲಿ ಕೊಬ್ಬರಿಗೆ 1363 ಎಂಬ ಪ್ರತ್ಯೇಕ ಸಂಖ್ಯೆಯೇ ಉಂಟು.

ಇದನ್ನು ಅಮ್ಮನಿಗೆ ಹೇಳಬೇಕಾಯಿತು. ಅವಳು ಪೂರ್ತಿ ಕೇಳಿದಳು.

“ನಲವತ್ತು ವರ್ಷದಿಂದ ಅಟ್ಟದ ಮೇಲೆ ಇಡ್ತಾ ಇದೀನಿ. ಒಂದು ದಿನವಾದರೂ ಹೊಗೆ ಕಂಡಿದ್ದೀಯೇನೋ?”

“ಇಲ್ಲಮ್ಮ. ಅಟ್ಟದಲ್ಲಿ ಗಾಳಿಯಾಡುತ್ತೆ. ಅದು ಮುಚ್ಚಿದ ಪೆಟ್ಟಿಗೆ.”

“ಒಲೆಗೆ ಹಾಕಿದರೆ ಉರಿಯುತ್ತೆ, ಸರಿ. ತಾನಾಗೇ ಉರಿಯೋದುಂಟೇ?”

ಅವಳ ವಾದದಲ್ಲಿಯೂ ಅನುಭವವಿತ್ತು. ಆದರೆ ನಿಯಮಕ್ಕೆ ಅಟ್ಟದ ಪರಿಚಯವಿಲ್ಲ. ಅಂಗಡಿಯಲ್ಲಿ ಕೊಬ್ಬರಿ ಅಲ್ಲಿಯೂ ದೊರೆಯುತ್ತದೆಂದು ಹೇಳಹೊರಟವನು ಅವಳ ಮುಖ ನೋಡಿ ಸುಮ್ಮನಾದೆ. ವಿಮಾನ ಸಂಸ್ಥೆಯ ಕಚೇರಿಗೆ ದೂರವಾಣಿ ಮಾಡಿ ವಿಚಾರಿಸಿದಾಗ, ಬೆಲ್ಲದ ಪಾಕದಲ್ಲಿ ಬೆಂದ ಮಿಠಾಯಿಗೆ ತಮ್ಮ ಅಡ್ಡಿಯಿಲ್ಲವೆಂದರು. ಈ ಮಾತು ಅಮ್ಮನ ಕಿವಿಗೆ ಬಿದ್ದದ್ದೇ ತಡ, ತುರಿಯುವ ಮಣೆ ಹೊರಬಂದಿತು. ಬಾಣಂತಿಯ ಉಂಡೆಯನ್ನು ಹೆರಿಗೆಯಾದ ಮೇಲೆ ಬಾಣಂತಿಯ ಮನೆಯಲ್ಲಿಯೇ ಕಟ್ಟುವುದು ಅವಳ ಕ್ರಮ. ಮೊದಲೇ ಕಟ್ಟಬಾರದೆಂಬುದು ಅವಳ ನಂಬಿಕೆ. ಆ ರಾತ್ರಿ ಅದನ್ನು ಮೀರಿದಳು. ಅಂಟನ್ನು ತುಪ್ಪದಲ್ಲಿ ಅರಳಿಸಿ, ಉತ್ತುತ್ತೆ, ಮೆಂತ್ಯ, ಶುಂಠಿ ಹಾಕಿ, ಕೈ ನಡುಗುತ್ತಿದ್ದರೂ ಪಾಕದ ಎಳೆಯನ್ನು ಬೇರೆಯವರಿಗೆ ನೋಡಗೊಡಲಿಲ್ಲ. ಬೆಳಗಿನ ಹೊತ್ತಿಗೆ ನಾಲ್ಕು ಕಿಲೋ ಉಂಡೆ.

ನನ್ನ ಪಾಲಿನ ಸಿದ್ಧತೆಗಳನ್ನು ವಿಸ್ತರಿಸುವುದು ಬೇಡ. ಆರು ತಿಂಗಳ ರಕ್ತದೊತ್ತಡದ ಮಾತ್ರೆ, ವೈದ್ಯರ ಚೀಟಿ, ಎರಡನೆಯ ಕನ್ನಡಕ. ತುಳಸಿಗೆ ನೀರು ಹಾಕುವವರಿಗೆ ಬೀಗದ ಕೈ. ನಿವೃತ್ತಿ ವೇತನದವನು ನವೆಂಬರಿನಲ್ಲಿ ತಾನು ಬದುಕಿರುವುದನ್ನು ರುಜುವಾತುಪಡಿಸಬೇಕಷ್ಟೆ; ಅದಕ್ಕೂ ಒಂದು ವ್ಯವಸ್ಥೆ.

ಕೊನೆಯ ಸಂಜೆ ಕೊಕ್ಕೆ ತಕ್ಕಡಿಗೆ ಪೆಟ್ಟಿಗೆಗಳನ್ನು ತೂಗುಹಾಕಿದೆವು. ಮೂರು ಸರಿಯಾಗಿದ್ದುವು, ಉಂಡೆಯಿದ್ದ ನಾಲ್ಕನೆಯದು 26. ಇವಳು ತನ್ನ ರೇಷ್ಮೆಯ ಸೀರೆಯನ್ನು ತೆಗೆದಳು. ನಾನು ಗದುಗಿನ ಭಾರತವನ್ನೂ ಉಣ್ಣೆಯ ಕೋಟನ್ನೂ ತೆಗೆದೆ. ಕೋಟನ್ನು ತೊಟ್ಟುಕೊಂಡೇ ಹೊರಟರೆ ತೂಕಕ್ಕೆ ಬರುವುದಿಲ್ಲವೆಂಬ ಉಪಾಯವನ್ನು ಪಕ್ಕದ ಮನೆಯ ಹುಡುಗ ಹೇಳಿಕೊಟ್ಟ. ಹಾಸನದ ಸೆಖೆಯಲ್ಲಿ ಉಣ್ಣೆಯ ಕೋಟು ತೊಟ್ಟು ಕುಳಿತ ನನ್ನನ್ನು ಕಂಡು ಅಮ್ಮ ಆ ಮೂರು ದಿನದಲ್ಲಿ ಮೊದಲ ಬಾರಿಗೆ ನಕ್ಕಳು.

ನಡುರಾತ್ರಿ ಕಾರು ಬಂದಿತು. ಕುಣಿಗಲ್, ನೆಲಮಂಗಲಗಳ ಮೇಲೆ ದೇವನಹಳ್ಳಿಗೆ ನಮ್ಮ ದಾರಿ. ಅಮೆರಿಕದ ಸುಂಕದವರಿಗೆ ತೋರಿಸಬೇಕಾದ ತಿಂಡಿಗಳ ಪಟ್ಟಿಯಲ್ಲಿ ಉಂಡೆಯ ಹೆಸರನ್ನು ಮೊದಲು ಬರೆದು ಜೇಬಿನಲ್ಲಿಟ್ಟುಕೊಂಡೆ. ಅಮ್ಮ ಬೆಳಗಿನ ಬಸ್ಸಿಗೆ ಹಳ್ಳಿಗೆ ಹಿಂದಿರುಗಿದಳು. ಮಿಕ್ಕ ಕೊಬ್ಬರಿಯ ಮೂಟೆಯೂ ಅವಳೊಡನೆ ಹೋಯಿತು. ಅದನ್ನು ಮಂಡಿಗೆ ಹಾಕಬೇಡ, ಮಗು ಬಂದಾಗ ಬೇಕಾಗುತ್ತದೆ ಎಂದು ತಮ್ಮನಿಗೆ ಹೇಳಿದಳಂತೆ.